ಮಡಚುವ ದೊಡ್ಡ ಚೂರಿ ದಿನಾ ಕಿಸೆಯಲ್ಲಿ: ಪ್ರಯೋಜನ ಉಂಟಾ, ಸುಮ್ನೆ ಭಾರವಾ?

ಪೆರ್ಲ_ತೋಟ
ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಅಡಿಕೆ ತೋಟ, ಆಮೇಲೆ ಬದಿಯಡ್ಕದಲ್ಲಿ ಕಚೇರಿ ಕೆಲಸ, ಸಂಜೆ ಮತ್ತೆ ತೋಟ. ದುಬೈಯಲ್ಲಿರುವ ಭಾವ ಊರಿಗೆ ಬಂದವರು ನನಗೊಂದು ಬಕ್ ಕಂಪೆನಿಯ 110 ಚೂರಿ ಕೊಟ್ಟು ಹೋಗಿದ್ದಾರೆ. ಅಲಗು 3.75 ಇಂಚು. ಮಡಚಿದರೂ ಅಂಗೈಗಿಂತ ಉದ್ದ. ತೂಕ 200 ಗ್ರಾಂ ದಾಟುತ್ತದೆ. ಎರಡೂ ತುದಿಗೆ ಹಿತ್ತಾಳೆ, ನಡುವೆ ಕಪ್ಪು ಮರ. ನೋಡಲಿಕ್ಕೆ ಬಹಳ ಚಂದ.

ಗೊಬ್ಬರದ ಚೀಲದ ಹೊಲಿಗೆ ಬಿಡಿಸಲು, ಡ್ರಿಪ್ ಪೈಪು ಕತ್ತರಿಸಲು, ಮೆಣಸಿನ ಬಳ್ಳಿ ಕಟ್ಟಿದ ಹಗ್ಗ ತೆಗೆಯಲು, ಬಾಳೆಲೆ ಕೊಯ್ಯಲು ಬಳಸುತ್ತಿದ್ದೇನೆ. ಕೆಲಸ ಆಗುತ್ತದೆ, ಇಲ್ಲ ಅಂತಲ್ಲ. ಆದರೆ ಪ್ಯಾಂಟಿನ ಕಿಸೆ ಒಂದು ಬದಿಗೆ ಜೋತು ಬೀಳುತ್ತದೆ. ಕಚೇರಿಯಲ್ಲಿ ಕೊರಿಯರ್ ಪೆಟ್ಟಿಗೆ ಒಡೆಯಲು ಇದನ್ನು ತೆಗೆದರೆ ಪಕ್ಕದ ಮೇಜಿನವರು ಕುರ್ಚಿ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಅಮ್ಮನಿಗೆ ಪೊಲೀಸರ ಹೆದರಿಕೆ, ಯಾಕೆಂದರೆ ನಾನು ಆಗಾಗ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗುತ್ತಿರುತ್ತೇನೆ. ಮಳೆಗಾಲದಲ್ಲಿ ತುಕ್ಕಿನ ಕಥೆ ಹೇಗೋ ಗೊತ್ತಿಲ್ಲ.

ಇಷ್ಟು ದೊಡ್ಡದು ದಿನಾ ಬೇಕಾ? ನಿಮ್ಮಲ್ಲಿ ಯಾರು ಇಟ್ಟುಕೊಳ್ಳುತ್ತೀರಿ, ಎಂತಕ್ಕೆ? ಅಮೆರಿಕದವರ ವಿಡಿಯೊ ನೋಡಿ ಸಾಕಾಯಿತು. ಅವರಿಗೆ ಅಡಿಕೆ ತೋಟ ಇಲ್ಲ.

ಉಪ್ಪಳ_ಬುಲೆಟ್
ಮೊದಲು ಇದು ಹೇಳಿ. ಮುಂಡು ಉಟ್ಟಾಗ ಎಲ್ಲಿಡುತ್ತೀರಿ ಮಾರಾಯ್ರೆ?

ಪೆರ್ಲ_ತೋಟ
ಅದಕ್ಕೇ ಈಗ ತೋಟಕ್ಕೂ ಪ್ಯಾಂಟು. ಹೆಂಡತಿಗೆ ನಗಲಿಕ್ಕೆ ಒಂದು ವಿಷಯ ಸಿಕ್ಕಿತು.

ಅಡೂರು_ಗುಡ್ಡೆಮನೆ
ಸೊಂಟದ ಹಿಂದೆ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡು ಓಡಾಡುವ ಊರಲ್ಲಿ ಹುಟ್ಟಿದವರಿಗೆ ಇದೊಂದು ಪ್ರಶ್ನೆಯಾ?

ನಮ್ಮ ಕತ್ತಿಯ ತುದಿ ಬಾಗಿರುವುದು ಚಂದಕ್ಕಲ್ಲ. ಭಾರ ಮುಂದೆ ಇರುತ್ತದೆ, ಬೀಸಿದರೆ ತನ್ನಷ್ಟಕ್ಕೇ ಕಡಿಯುತ್ತದೆ. ಬಾಗಿದ ಜಾಗಕ್ಕೆ ಬಳ್ಳಿ, ಸೊಪ್ಪು ಸಿಕ್ಕಿದರೆ ಜಾರುವುದಿಲ್ಲ, ಎಳೆದರೆ ಸಾಕು. ಅದರಲ್ಲಿ ಬೊಂಡ (ಎಳನೀರು) ಕೆತ್ತಬಹುದು, ಅಡಿಕೆ ಹಾಳೆ ಸವರಬಹುದು, ಬೇಲಿಯ ಗೂಟ ಚೂಪು ಮಾಡಬಹುದು. ಹಿಂಬದಿಯಿಂದ ಮೊಳೆಯನ್ನೂ ಹೊಡೆಯುತ್ತೇವೆ. ನಿಮ್ಮ ಮಡಚುವ ಚೂರಿಯಲ್ಲಿ ಇದರಲ್ಲಿ ಯಾವುದಾಗುತ್ತದೆ? ನಮ್ಮಲ್ಲಿರುವುದು ಅಪ್ಪನ ಕಾಲದ ಕತ್ತಿ. ಲಾರಿಯ ಸ್ಪ್ರಿಂಗ್ ಪಟ್ಟಿ ಕೊಟ್ಟು ಆಚಾರಿಯವರ ಕುಲುಮೆಯಲ್ಲಿ ಬಡಿಸಿದ್ದು. ಮಸೆದು ಮಸೆದು ಅಗಲ ಅರ್ಧ ಆಗಿದೆ, ಈಗಲೂ ದಿನಾ ಅದೇ.

ಸಾಣೆಕಲ್ಲು
ಗುಡ್ಡೆಮನೆ ಅಣ್ಣ, ಕತ್ತಿ ಸಿಕ್ಕಿಸಿಕೊಂಡು ಕಚೇರಿಗೆ ಹೋಗಲಿಕ್ಕೆ ಆಗುತ್ತದಾ? ಅವರು ಕೇಳಿದ್ದು ಎರಡೂ ಕಡೆ ಜೊತೆಗಿರುವ ಚೂರಿಯ ವಿಷಯ.

ಪೆರ್ಲದವರೇ, ನಿಮ್ಮ 110 ಕಿಸೆಗೆ ಅಂತ ಮಾಡಿದ್ದೇ ಅಲ್ಲ. 1964ರಲ್ಲಿ ಬಂದದ್ದು, ಬೇಟೆಗಾರರನ್ನು ಮನಸ್ಸಲ್ಲಿಟ್ಟು ಮಾಡಿದ್ದು. ಹಿಡಿಯ ಬೆನ್ನಿಗೆ ಲಾಕ್ ಇಟ್ಟು, ಬಿಚ್ಚಿದ ಮೇಲೆ ಅಲುಗಾಡದ ಹಾಗೆ ಮಾಡಿದರು. ಅದರ ಜೊತೆ ಚರ್ಮದ ಚೀಲ ಬರುತ್ತದೆ, ಬೆಲ್ಟಿಗೆ ಹಾಕಲಿಕ್ಕೆ. ಭಾವ ಚೀಲ ಕೊಟ್ಟಿಲ್ಲವಾ? ಬೆಲ್ಟಿನಲ್ಲಿ 200 ಗ್ರಾಂ ಗೊತ್ತೇ ಆಗುವುದಿಲ್ಲ. ಕಿಸೆಯಲ್ಲಾದರೆ ಇಡೀ ದಿನ ತೊಡೆಗೆ ಬಡಿಯುತ್ತದೆ.

ಕಿಸೆಗೇ ಬೇಕಾದರೆ ಒಪಿನೆಲ್ 8 ನೋಡಿ. ಫ್ರಾನ್ಸಿನ ಸವಾಯ್ ಕಡೆಯದ್ದು, 1890ರಿಂದ ಮಾಡುತ್ತಿದ್ದಾರೆ. ಬೀಚ್ ಮರದ ಹಿಡಿ, ಅಲಗು 8.5 ಸೆಂ.ಮೀ., ಅಂದರೆ ನಿಮ್ಮದಕ್ಕಿಂತ ಒಂದು ಸೆಂಟಿಮೀಟರ್ ಮಾತ್ರ ಕಡಿಮೆ. ತೂಕ 50 ಗ್ರಾಂ ಆಸುಪಾಸು. ಕುತ್ತಿಗೆಯಲ್ಲಿ ಒಂದು ಉಂಗುರ ಉಂಟು, ತಿರುಗಿಸಿದರೆ ಅಲಗು ಲಾಕ್. ಆ ಉಂಗುರ ಬಂದದ್ದು 1955ರಲ್ಲಿ, ಅದಕ್ಕೆ ಮೊದಲು ಲಾಕೇ ಇರಲಿಲ್ಲ.

ಪೆರ್ಲ_ತೋಟ
ಚೀಲ ಕೊಟ್ಟಿದ್ದಾರೆ. ಅದನ್ನು ಬೆಲ್ಟಿಗೆ ಹಾಕಿದರೆ ಕಚೇರಿಯಲ್ಲಿ ನನ್ನನ್ನು ಅರಣ್ಯ ಇಲಾಖೆಯವ ಅಂದುಕೊಂಡಾರು.

ಬದಿಯಡ್ಕ_ಅಕ್ಕ
ಹೆಂಗಸರು ಚೂರಿ ವಿಷಯ ಮಾತಾಡಬಹುದಾ ಇಲ್ಲಿ? 😀

ನನ್ನ ಕೈಚೀಲದಲ್ಲಿ ಯಾವಾಗಲೂ ಒಂದು ಪೀಶಕತ್ತಿ (ಅಡುಗೆಯ ಚಿಕ್ಕ ಚೂರಿ) ಇರುತ್ತದೆ, ರಟ್ಟಿನ ಒರೆ ಮಾಡಿ ಹಾಕಿದ್ದು. ಅನುಪತ್ಯದ (ಸಮಾರಂಭದ) ಮನೆಗೆ ಹೋದರೆ ಮೊದಲು ಹುಡುಕುವುದು ಚೂರಿಯನ್ನೇ ಅಲ್ವಾ. ಬಾಳೆಲೆ ಕೊಡಿ ತೆಗೆಯಬೇಕು, ಹೂವಿನ ದಂಡೆ ಕತ್ತರಿಸಬೇಕು, ತರಕಾರಿಗೆ ಕೂತರೆ ಇದ್ದ ಎರಡು ಮೆಟ್ಟುಕತ್ತಿಯಲ್ಲಿ (ಈಳಿಗೆ) ಹಿರಿಯರು ಕೂತಿರುತ್ತಾರೆ.

ಮಡಚುವುದು ನಮ್ಮ ಮನೆಯಲ್ಲೂ ಉಂಟು, ತಮ್ಮನದ್ದು. ಒಮ್ಮೆ ಅದರಲ್ಲಿ ಹಲಸಿನಹಣ್ಣು ಕೊರೆದ. ಮಯಣ (ಹಲಸಿನ ಅಂಟು) ಎಲ್ಲಿಗೆ ಹೋಗುತ್ತದೆ ಹೇಳಿ? ಅಲಗು ಮಡಚುವ ಸಂದಿಗೆ. ಮಾರನೇ ದಿನ ಬಿಚ್ಚಲಿಕ್ಕೆ ಎರಡು ಜನ ಬೇಕಾಯಿತು. ಉಗುರು ಹಾಕಿ ಎಳೆದರೆ ಉಗುರು ಬಂತು, ಅಲಗು ಬರಲಿಲ್ಲ. ಸೀಮೆಎಣ್ಣೆಯಲ್ಲಿ ಇಡೀ ಚೂರಿ ನೆನೆಹಾಕಿ, ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ, ಆಮೇಲೆ ಸೋಪು ನೀರಲ್ಲಿ ತೊಳೆದು ಒಣಗಿಸಿದೆವು. ಆದರೂ ಆ ಸಂದಿಯೊಳಗೆ ಎಂತ ಉಳಿದಿದೆಯೋ ಯಾರಿಗೆ ಗೊತ್ತು. ಅದೇ ಚೂರಿಯಲ್ಲಿ ನಾಳೆ ಮಾವಿನಹಣ್ಣು ಕತ್ತರಿಸಿ ಕೊಟ್ಟರೆ ನಾನಂತೂ ತಿನ್ನುವುದಿಲ್ಲ.

ಪೀಶಕತ್ತಿಗಾದರೆ ಮೊದಲೇ ತೆಂಗಿನೆಣ್ಣೆ ಸವರಿಕೊಂಡರೆ ಆಯಿತು. ಕೊನೆಗೆ ಬಟ್ಟೆಯಲ್ಲಿ ಒಂದು ಸಲ ಒರೆಸಿ ಇಟ್ಟರೆ ಮುಗಿಯಿತು.

ಸಾಣೆಕಲ್ಲು
ಅಕ್ಕ, ಹಲಸು ಕೊರೆಯಲಿಕ್ಕೆ ಮಡಚುವ ಚೂರಿ ತೆಗೆದ ನಿಮ್ಮ ತಮ್ಮನನ್ನು ಕೇಳಬೇಕು, ಚೂರಿಯನ್ನಲ್ಲ.

ಬದಿಯಡ್ಕ_ಅಕ್ಕ
ನಮ್ಮ ಊರಲ್ಲಿ ದಿನನಿತ್ಯದ ಚೂರಿ ಅಂದರೆ ಅದಕ್ಕೆ ಹಲಸೂ ಬಂತು, ಮೀನು ತಿನ್ನುವವರ ಮನೆಯಲ್ಲಿ ಮೀನೂ ಬಂತು. ಪಾರ್ಸೆಲ್ ಟೇಪು ಕತ್ತರಿಸಲಿಕ್ಕೆ ಮಾತ್ರ ಅಂತಾದರೆ ಸ್ಟೇಷನರಿ ಅಂಗಡಿಯ ಕಟ್ಟರ್ ಸಾಕು, ದುಬೈಯಿಂದ ಬರಬೇಕಾ?

ಉಪ್ಪಳ_ಬುಲೆಟ್
ಅಕ್ಕ ಹೇಳಿದ್ದಕ್ಕೆ ನನ್ನದೊಂದು ವೋಟು.

ಕರಿಕೋಟು_ಕಾಸರಗೋಡು
ಪೊಲೀಸರ ವಿಷಯ ಕೇಳಿದ್ದೀರಿ. ಕಾನೂನು ಇರುವುದು ಹೀಗೆ.

ಆಯುಧ ಕಾಯ್ದೆ 1959ರದ್ದು. ಅದರಲ್ಲಿ ಆಯುಧ ಅಂದರೆ ಎಂತ ಅಂತ ಹೇಳುವಾಗಲೇ, ಬರೇ ಮನೆಗೆಲಸಕ್ಕೆ ಅಥವಾ ಕೃಷಿಗೆ ಅಂತ ಮಾಡಿದ ವಸ್ತುಗಳನ್ನು ಹೊರಗಿಟ್ಟಿದ್ದಾರೆ. ಗುಡ್ಡೆಮನೆಯವರ ಕತ್ತಿ ಅಲ್ಲಿಗೇ ಬಚಾವು. ನಿಯಮಗಳ ಪಟ್ಟಿಯಲ್ಲಿ ಖಡ್ಗ, ಬಾಕು, ಭರ್ಜಿ ಇವುಗಳ ಜೊತೆ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚೂರಿಗಳು. ಪೆರ್ಲದವರ 3.75 ಇಂಚು ಅದರ ಹತ್ತಿರವೂ ಇಲ್ಲ.

ಅಂತರ್ಜಾಲದಲ್ಲಿ ಕೆಲವರು ಭಾರತದಲ್ಲಿ 3 ಇಂಚೇ ಮಿತಿ ಅಂತ ಬರೆಯುತ್ತಾರೆ. ಅದು ದೆಹಲಿ ಆಡಳಿತ 1980ರಲ್ಲಿ ಹೊರಡಿಸಿದ ಅಧಿಸೂಚನೆಯಿಂದ ಬಂದದ್ದು. ಗುಂಡಿ ಒತ್ತಿದರೆ ತೆರೆಯುವ, ಸ್ಪ್ರಿಂಗ್ ಇರುವ ಚೂರಿಗಳಿಗೆ 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲ ಅಂತ ಗುರುತು ಹಾಕಿದ್ದಾರೆ. ಅದು ದೆಹಲಿಯ ವಿಷಯ. ಅದನ್ನು ಕಾಸರಗೋಡಿಗೆ ತಂದು ಹೆದರಿಸುವುದು ಬೇಡ.

ಕುಂಬಳೆ_ಕೋಟೆ
ಹಾಗಾದರೆ 8 ಇಂಚಿನದ್ದು ಇಟ್ಟುಕೊಂಡು ಎಲ್ಲಿಗೂ ಹೋಗಬಹುದು! ಸೂಪರ್.

ಕರಿಕೋಟು_ಕಾಸರಗೋಡು
ಇದಕ್ಕೇ ನಾನು ಇಂಥ ಕಡೆ ಕಾನೂನು ಹೇಳಲು ಹಿಂಜರಿಯುವುದು. ಪರವಾನಗಿ ಬೇಡ ಅಂದರೆ ಎಲ್ಲಿ ಬೇಕಾದರೂ ಒಯ್ಯಬಹುದು ಅಂತ ಅರ್ಥ ಅಲ್ಲ.

ನಮ್ಮ ಗಡಿ ಭಾಗದಲ್ಲಿ ಗಲಾಟೆ ಆದಾಗ ನಿಷೇಧಾಜ್ಞೆ ಬೀಳುತ್ತದೆ. ಮೊದಲು ಎಲ್ಲರ ಬಾಯಲ್ಲಿ ಇದ್ದ 144, ಈಗ 2024ರ ಜುಲೈಯಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್. ಮಾರಕ ವಸ್ತು ಹಿಡಿದು ತಿರುಗಬಾರದು ಅಂತ ಆ ಆದೇಶದಲ್ಲಿ ಬರೆದಿದ್ದರೆ ನಾಲ್ಕಿಂಚೂ ಒಂದೇ, ಎಂಟಿಂಚೂ ಒಂದೇ. ತಲಪಾಡಿಯ ಆಚೆ ಈಚೆ ಎರಡು ಬೇರೆ ರಾಜ್ಯ, ಎರಡು ಬೇರೆ ಜಿಲ್ಲಾಡಳಿತ. ಕಾಸರಗೋಡಲ್ಲಿ ಏನೂ ಇಲ್ಲದ ದಿನ ಮಂಗಳೂರಲ್ಲಿ ಆಜ್ಞೆ ಇರಬಹುದು, ಅಲ್ಲಿ ಇಲ್ಲದ ದಿನ ಇಲ್ಲಿ ಇರಬಹುದು. ಮಂಗಳೂರಿಗೆ ಹೋಗುವ ದಿನ ಚೂರಿ ಮನೆಯಲ್ಲಿರಲಿ, ಅಷ್ಟೇ.

ಮತ್ತೆ ತಪಾಸಣೆಯವರು ಕೇಳುವ ಮೊದಲ ಮಾತು 'ಇದು ಎಂತಕ್ಕೆ?' ಅಂತ. ತೋಟದ ಹೆಡಗೆಯಲ್ಲಿ ಹಗ್ಗ, ಪೈಪಿನ ತುಂಡುಗಳ ಜೊತೆ ಇದ್ದ ಚೂರಿಗೆ ಉತ್ತರ ತನ್ನಷ್ಟಕ್ಕೆ ಸಿಗುತ್ತದೆ. ರಾತ್ರಿ ಹನ್ನೊಂದಕ್ಕೆ ಪೇಟೆಯಲ್ಲಿ ಪ್ಯಾಂಟಿನ ಕಿಸೆಯಿಂದ ಹೊರಬಂದದ್ದಕ್ಕೆ ಸಿಗುವುದಿಲ್ಲ. 'ಆತ್ಮರಕ್ಷಣೆಗೆ' ಅಂತ ಮಾತ್ರ ಹೇಳಿಬಿಡಬೇಡಿ. ಚೂರಿ ಆಯುಧ ಅಂತ ನೀವೇ ಒಪ್ಪಿಕೊಂಡ ಹಾಗಾಯಿತು.

ಕುಂಬಳೆ_ಕೋಟೆ
ತಮಾಷೆಗೆ ಹೇಳಿದ್ದು ವಕೀಲರೇ, ಫೀಸು ಕೇಳಬೇಡಿ.

ನೀರ್ಚಾಲು_ಟು_ಲೀಡ್ಸ್
ಇಂಗ್ಲೆಂಡಿನಿಂದ ನರ್ಸ್ ಒಬ್ಬಳ ಮಾತು. ಇಲ್ಲಿ ಕಾರಣ ಹೇಳದೆ ಕಿಸೆಯಲ್ಲಿ ಇಡಬಹುದಾದದ್ದು ಮಡಚುವ ಚೂರಿ ಮಾತ್ರ. ಅಲಗಿನ ಹರಿತದ ಭಾಗ 3 ಇಂಚು ದಾಟಬಾರದು, ಲಾಕ್ ಇರಬಾರದು. 1988ರ ಕಾನೂನು. ಬಕ್ 110 ಇಟ್ಟುಕೊಂಡು ಬಸ್ಸು ಹತ್ತಿದರೆ, ತಕ್ಕ ಕಾರಣ ತೋರಿಸದಿದ್ದರೆ ನೇರ ಕೇಸು. ಊರಿಂದ ಇಲ್ಲಿಗೆ ಓದಲು ಬರುವ ಮಕ್ಕಳಿಗೆ ಮನೆಯವರು ಹಣ್ಣು ಕತ್ತರಿಸಲು ಇರಲಿ ಅಂತ ಚೂರಿ ಹಾಕಿ ಕಳಿಸುತ್ತಾರೆ. ದೊಡ್ಡ ಪೆಟ್ಟಿಗೆಯಲ್ಲಿ ಬಂದು ಅಡುಗೆಮನೆ ಸೇರಿದರೆ ತೊಂದರೆ ಇಲ್ಲ, ಕಿಸೆಯಲ್ಲಿ ತಿರುಗಿಸಬೇಡಿ ಅಂತ ಹೇಳಿ.

ಮಂಜೇಶ್ವರ_ಮಾವ
ವಿಮಾನದ ಮಾತು ಬಂತಲ್ಲ. ಬಜ್ಪೆಯಲ್ಲಿ ನಮ್ಮ ಅಳಿಯನ ಕೀ ಗೊಂಚಲಿನಲ್ಲಿದ್ದ ಹೆಬ್ಬೆರಳಿನಷ್ಟು ಉದ್ದದ ಚೂರಿಯನ್ನೂ ಬಿಡಲಿಲ್ಲ. ಕೈಚೀಲದಲ್ಲಿ ಚಿಕ್ಕದಾದರೂ ಇರುವಂತಿಲ್ಲ. ಒಳಗೆ ಹಾಕುವ ಲಗೇಜಿನಲ್ಲಿ ಸುತ್ತಿ ಇಟ್ಟರೆ ಆಗುತ್ತದೆ.

ಕುಂಬಳೆ_ಕೋಟೆ
ದೊಡ್ಡ ಮಡಚುವ ಚೂರಿ ಅಂದರೆ ರಾಮ್‌ಪುರಿ ಅಲ್ವಾ? ಹಳೆ ಹಿಂದಿ ಸಿನೆಮಾದ ವಿಲನ್ ಟಕ್ ಅಂತ ಬಿಚ್ಚಿದರೆ ಟಾಕೀಸಿನಲ್ಲಿ ಸದ್ದಡಗುತ್ತಿತ್ತು.

ಸಾಣೆಕಲ್ಲು
ಹೌದು, ಉತ್ತರ ಪ್ರದೇಶದ ರಾಮ್‌ಪುರದ್ದು. 9ರಿಂದ 12 ಇಂಚಿನ ಅಲಗಿನವು ಇದ್ದವು. 1990ರ ದಶಕದಲ್ಲಿ ಅಲ್ಲಿನ ಸರಕಾರ 4.5 ಇಂಚಿಗಿಂತ ಉದ್ದದ್ದು ಮಾಡಬಾರದು ಅಂತ ನಿಲ್ಲಿಸಿತು. ಕುಶಲಕರ್ಮಿಗಳ ಹೊಟ್ಟೆಗೆ ಬಿತ್ತು ಪೆಟ್ಟು. ಈಗ ನೋಡಿದರೆ 2023ರಲ್ಲಿ ಅದೇ ಊರಿನ ಚೌಕದಲ್ಲಿ ಸುಮಾರು 20 ಅಡಿಯ ಚೂರಿ ನಿಲ್ಲಿಸಿ ಉದ್ಘಾಟನೆ ಮಾಡಿದ್ದಾರೆ. ಮಾಡಲಿಕ್ಕೆ ಬಿಡುವುದಿಲ್ಲ, ಪ್ರತಿಮೆ ಮಾತ್ರ ನಿಲ್ಲಿಸುತ್ತಾರೆ.

ಜನ ಕುರ್ಚಿ ಹಿಂದೆ ಎಳೆಯುವುದಕ್ಕೆ ಕಾರಣವೂ ಆ ಸಿನೆಮಾಗಳೇ. ಕತ್ತಿ ನೋಡಿದರೆ ತೋಟ ನೆನಪಾಗುತ್ತದೆ, ಟಕ್ ಅಂದರೆ ವಿಲನ್ ನೆನಪಾಗುತ್ತಾನೆ. ಕಚೇರಿಯಲ್ಲಿ ಎರಡೂ ಕೈಯಿಂದ ನಿಧಾನಕ್ಕೆ ಬಿಚ್ಚಿ, ಕೆಲಸ ಮುಗಿದ ಕೂಡಲೇ ಮಡಚಿ. ಮಾತಾಡುತ್ತಾ ಕೈಯಲ್ಲಿ ಆಡಿಸುತ್ತಾ ಕೂರಬೇಡಿ.

ಮುಳ್ಳೇರಿಯ_ಮುಳ್ಳು
ಚೂರಿ ಮಾತಾಡುತ್ತಾ ಕೋಳಿ ಅಂಕದ (ಕೋಳಿ ಕಾಳಗದ) ಬಾಳನ್ನು ಮರೆತರೆ ಹೇಗೆ! ಕೋಳಿಯ ಕಾಲಿಗೆ ನೂಲು ಸುತ್ತಿ ಕಟ್ಟುವ ಆ ಪುಟ್ಟ ಬಾಳು ಮಸೆಯುವುದೇ ಒಂದು ವಿದ್ಯೆ. ಅದರ ಮುಂದೆ ನಿಮ್ಮ ಫಾರಿನ್ ಚೂರಿ...

ಬದಿಯಡ್ಕ_ಅಕ್ಕ
ಆ ವಿದ್ಯೆಯ ಮೇಲೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ಉಂಟು, ನೆನಪಿರಲಿ.

ಮುಳ್ಳೇರಿಯ_ಮುಳ್ಳು
ನಾನು ಬಾಳಿನ ವಿಷಯ ಹೇಳಿದ್ದು ಅಕ್ಕ, ಜುಗಾರಿಯದ್ದಲ್ಲ.

ಮೇಲ್ವಿಚಾರಕ
ಕೋಳಿ ಅಂಕದ ಚರ್ಚೆ ಇಲ್ಲಿ ಬೇಡ. ಮೂರು ಉತ್ತರ ತೆಗೆದುಹಾಕಿದ್ದೇನೆ. ಚೂರಿಗೆ ಬನ್ನಿ.

ಕೊಯಿಪ್ಪಾಡಿ_ಕಡಲು
ತುಕ್ಕಿನ ಬಗ್ಗೆ ನಾನು ಹೇಳುತ್ತೇನೆ. ಮನೆ ಸಮುದ್ರದ ಬದಿಯಲ್ಲಿ, ಬಾಗಿಲ ಕೀಲು ವರ್ಷ ಮುಗಿಯುವುದರೊಳಗೆ ಕೆಂಪಾಗುತ್ತದೆ.

ದೋಣಿಗೆ ಮಡಚುವ ಚೂರಿ ಯಾರೂ ಒಯ್ಯುವುದಿಲ್ಲ. ಬಲೆಯ ಹಗ್ಗ ಕಾಲಿಗೆ ಸುತ್ತಿಕೊಂಡರೆ ಎರಡು ಕೈಯಲ್ಲಿ ಬಿಚ್ಚುತ್ತಾ ಕೂರಲಿಕ್ಕೆ ಸಮಯ ಎಲ್ಲಿ? ಪ್ಲಾಸ್ಟಿಕ್ ಹಿಡಿಯ ಸ್ಟೀಲ್ ಚೂರಿ, ಹಿಡಿಗೆ ಒಂದು ದಾರ, ಕೈಗೆ ಸಿಗುವಲ್ಲಿ ಕಟ್ಟಿಟ್ಟಿರುತ್ತೇವೆ. ಉಪ್ಪು ನೀರು ಸ್ಪ್ರಿಂಗಿನ ಸಂದಿಗೆ ಒಮ್ಮೆ ಇಳಿದರೆ ಮೇಲೆ ಎಷ್ಟು ಒರೆಸಿದರೂ ಒಳಗೆ ತಿನ್ನುತ್ತಾ ಇರುತ್ತದೆ. ಬಿಚ್ಚಿ ಸಿಹಿನೀರಲ್ಲಿ ಅಲುಗಿಸಬೇಕು, ಒಣಗಿಸಬೇಕು, ಎಣ್ಣೆ ಬಿಡಬೇಕು. ದಿನಾ ಯಾರು ಮಾಡುತ್ತಾರೆ?

ಸಾಣೆಕಲ್ಲು
ಕಡಲಿನವರಿಗಾಗಿಯೇ ಎಚ್1 ಅಂತ ಒಂದು ಉಕ್ಕು ಉಂಟು. ಅದರಲ್ಲಿ ಇಂಗಾಲ ತೀರಾ ಕಡಿಮೆ, ಬದಲಿಗೆ ಸಾರಜನಕ ಸೇರಿಸಿದ್ದಾರೆ. ಉಪ್ಪು ನೀರಿಗೂ ತುಕ್ಕು ಹಿಡಿಯುವುದಿಲ್ಲ ಅಂತಲೇ ಹೆಸರು. ಸ್ಪೈಡರ್ಕೊ ಕಂಪೆನಿಯವರು ಅದರಲ್ಲಿ ಚೂರಿ ಮಾಡಿದರು. ಬೆಲೆ ಕೇಳಿದರೆ ಬಲೆಯೇ ಮಾರಬೇಕಾದೀತು.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ. ಮಳೆಗಾಲದ ಆಟಿ ತಿಂಗಳಲ್ಲಿ ಕಪಾಟಿನೊಳಗಿನ ಚಪ್ಪಲಿಗೂ ಬೂಸ್ಟು ಬರುತ್ತದೆ. ಚೂರಿ ಕೊಳ್ಳುವಾಗ ಇದು ಲೆಕ್ಕಕ್ಕೆ ಬರಬೇಕು. ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುವ ಎಷ್ಟೋ ದೊಡ್ಡ ಮಡಚುವ ಚೂರಿಗಳು ಡಿ2 ಉಕ್ಕಿನವು. ಹರಿತ ಬಹಳ ದಿನ ನಿಲ್ಲುತ್ತದೆ ನಿಜ. ಕ್ರೋಮಿಯಂ 12 ಶೇಕಡಾ ಹತ್ತಿರ ಇರುವುದರಿಂದ ಜನ ಸ್ಟೇನ್‌ಲೆಸ್ ಅಂದುಕೊಳ್ಳುತ್ತಾರೆ. ಆದರೆ ಅದರಲ್ಲಿ ಇಂಗಾಲ ಜಾಸ್ತಿ, ಕ್ರೋಮಿಯಂನ ದೊಡ್ಡ ಪಾಲು ಅದರ ಜೊತೆ ಸೇರಿ ಗಟ್ಟಿ ಕಣ ಆಗಿಬಿಡುತ್ತದೆ, ತುಕ್ಕು ತಡೆಯಲಿಕ್ಕೆ ಉಳಿಯುವುದು ಸ್ವಲ್ಪವೇ. ಒದ್ದೆ ಕಿಸೆಯಲ್ಲಿ ಒಂದು ರಾತ್ರಿ ಬಿಟ್ಟರೆ ಚುಕ್ಕೆ ಗ್ಯಾರಂಟಿ.

ಒಪಿನೆಲ್ ತೆಗೆದುಕೊಳ್ಳುವುದಾದರೆ ಸ್ಟೇನ್‌ಲೆಸ್ ಅಲಗಿನದ್ದೇ ತೆಗೆದುಕೊಳ್ಳಿ. ಕಾರ್ಬನ್‌ನದ್ದಕ್ಕೆ ಹಸಿ ಅಡಿಕೆ ತಾಗಿದರೆ ಸಾಕು, ನೋಡನೋಡುತ್ತಾ ಕಪ್ಪಾಗುತ್ತದೆ. ಅಡಿಕೆಯ ಒಗರು ಕಬ್ಬಿಣದ ಜೊತೆ ಸೇರಿ ಆಗುವ ಬಣ್ಣ ಅದು, ತುಕ್ಕಲ್ಲ. ಆದರೂ ಹಾಗೇ ಬಿಟ್ಟರೆ ತುಕ್ಕಿಗೂ ದಾರಿ.

ಪೈವಳಿಕೆ_ಪೋಸ್ಟ್
ಒಪಿನೆಲ್ ಹೊಗಳುವವರು ಒಂದು ಹೇಳುವುದಿಲ್ಲ. ಮಳೆಗಾಲದಲ್ಲಿ ಅದರ ಮರ ಉಬ್ಬುತ್ತದೆ. ಅಲಗು ಒಳಗೇ ಕಚ್ಚಿಕೊಳ್ಳುತ್ತದೆ. ನನ್ನಲ್ಲಿರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಚ್ಚುವುದೇ ಇಲ್ಲ ಅಂದರೂ ಆಗುತ್ತದೆ.

ಸಾಣೆಕಲ್ಲು
ಉಗುರಿನಿಂದ ಎಳೆಯಬೇಡಿ. ಉಂಗುರ ಸಡಿಲ ಮಾಡಿ, ಹಿಡಿಯ ಹಿಂದಿನ ತುದಿಯನ್ನು ಮೇಜಿಗೆ ಒಮ್ಮೆ ಕುಟ್ಟಿ. ಅಲಗು ತಾನೇ ಸ್ವಲ್ಪ ಹೊರಗೆ ಬರುತ್ತದೆ. ಸವಾಯ್‌ಯವರೂ ಹಾಗೇ ಮಾಡುವುದು. ಬೇಸಿಗೆಯಲ್ಲಿ ಮರ ಚೆನ್ನಾಗಿ ಒಣಗಿದಾಗ ಸಂದಿಗೆ ಎಣ್ಣೆ ಕುಡಿಸಿಟ್ಟರೆ ಉಬ್ಬುವುದು ಕಡಿಮೆ ಆಗುತ್ತದೆ.

ಪೈವಳಿಕೆ_ಪೋಸ್ಟ್
ಕುಟ್ಟಿದೆ. ಬಂತು. ಮೇಜಿನ ಗಾಜಿಗೆ ಬಿರುಕೂ ಬಂತು.

ಎಡನೀರು_ಕಸಿ
ಕಸಿ ಕಟ್ಟುವವನಾಗಿ ನನ್ನ ಅನುಭವ. ಕಾಳುಮೆಣಸನ್ನು ಬ್ರೆಜಿಲ್ ಮೂಲದ ಹಿಪ್ಪಲಿ ಗಿಡದ ಮೇಲೆ ಕಸಿ ಮಾಡುತ್ತೇವೆ, ಸೊರಗು ರೋಗ ಅದನ್ನು ಸುಲಭಕ್ಕೆ ಹಿಡಿಯುವುದಿಲ್ಲ, ನೀರು ನಿಲ್ಲುವ ಜಾಗದಲ್ಲೂ ತಾಳುತ್ತದೆ ಅಂತ. ಜಾಯಿಕಾಯಿಗೂ ಕಸಿ. ಕೆಲವರು ದೊಡ್ಡ ಮಡಚುವ ಚೂರಿ ಹಿಡಿದುಕೊಂಡು ಕಲಿಯಲು ಬರುತ್ತಾರೆ. ನಾನು ಬದಿಗಿಡಿ ಅನ್ನುತ್ತೇನೆ.

ಅದರ ಬೆನ್ನು ದಪ್ಪ, ಹರಿತ ಎರಡೂ ಬದಿಯಿಂದ ಇಳಿದಿರುತ್ತದೆ. ಪೆನ್ಸಿಲ್ ದಪ್ಪದ ದಂಟಿಗೆ ಅದನ್ನು ಇಳಿಸಿದರೆ ಸೀಳು ನೀವು ಹೇಳಿದಲ್ಲಿಗೆ ನಿಲ್ಲುವುದಿಲ್ಲ, ಬಿರಿದು ಕೆಳಗೆ ಓಡುತ್ತದೆ. ಕಸಿ ಚೂರಿಯ ಒಂದು ಬದಿ ಪೂರ್ತಿ ಚಪ್ಪಟೆ, ಹರಿತ ಇನ್ನೊಂದು ಬದಿಯಿಂದ ಮಾತ್ರ. ಆ ಚಪ್ಪಟೆ ಬದಿಯಿಂದಾಗಿಯೇ ಕುಡಿಯ ಕೊಯ್ತ ಸಮತಟ್ಟಾಗಿ ಬರುವುದು. ಎರಡು ಕೊಯ್ತ ಒಂದಕ್ಕೊಂದು ಬೆಳಕು ಕಾಣದ ಹಾಗೆ ಕೂರಬೇಕು, ಆಗಲೇ ಹಿಡಿಯುವುದು. ಅದೂ ಇಲ್ಲದಿದ್ದರೆ ಕ್ಷೌರದ ಬ್ಲೇಡ್ ಅರ್ಧ ಮಾಡಿ ಬಳಸಿ. ಎಂತ ಖರ್ಚೂ ಇಲ್ಲ, ಪ್ರತಿ ಗಿಡಕ್ಕೂ ಚೊಕ್ಕ ಕೊಯ್ತ.

ಅಡೂರು_ಗುಡ್ಡೆಮನೆ
ನೋಡಿ, ತೋಟಕ್ಕೆ ಕತ್ತಿ, ಕಸಿಗೆ ಬ್ಲೇಡು, ಅಡುಗೆಗೆ ಪೀಶಕತ್ತಿ, ದೋಣಿಗೆ ಸ್ಟೀಲ್ ಚೂರಿ. ದೊಡ್ಡ ಮಡಚುವ ಚೂರಿಗೆ ಇನ್ನು ಯಾವ ಕೆಲಸ ಉಳಿಯಿತು?

ಉಪ್ಪಳ_ಬುಲೆಟ್
ಉಳಿಯಿತು. ಬೈಕು.

ಬೈಕಿನ ಬದಿಯ ಚೀಲದಲ್ಲಿ ವಿಕ್ಟೋರಿನಾಕ್ಸ್‌ನ ದೊಡ್ಡದು ಇಟ್ಟಿದ್ದೇನೆ, ಮಡಚಿದಾಗ 111 ಮಿ.ಮೀ., ಅಲಗಿಗೆ ಲಾಕ್ ಇರುವಂಥದ್ದು. ಚಕ್ರಕ್ಕೆ ಪ್ಲಾಸ್ಟಿಕ್ ಹಗ್ಗ ಸುತ್ತಿಕೊಂಡಾಗ, ಕ್ಲಚ್ ಕೇಬಲ್‌ನ ರಬ್ಬರ್ ಸುಲಿಯಬೇಕಾದಾಗ, ಗಾಳಿಮಳೆಗೆ ಬಿದ್ದ ಗೆಲ್ಲು ದಾರಿಯಿಂದ ತೆಗೆಯಬೇಕಾದಾಗ (ಅದರಲ್ಲಿ ಗರಗಸವೂ ಉಂಟು) ಅದೇ ಗತಿ. ಒರೆ ಹಾಕಿದ ಪೀಶಕತ್ತಿ ಬೈಕಿನ ಚೀಲದಲ್ಲಿ ಕುಲುಕಿ ಕುಲುಕಿ ಒರೆ ಹರಿದು ಹೊರಗೆ ಬರುತ್ತದೆ. ಮಡಚಿದ್ದು ಸುಮ್ನೆ ಮಲಗಿರುತ್ತದೆ.

ಸಾಣೆಕಲ್ಲು
ಒಳ್ಳೆ ಆಯ್ಕೆ. ಸ್ವಿಸ್ ಸೈನ್ಯಕ್ಕೆ 1891ರಿಂದ ಚೂರಿ ಕೊಡುತ್ತಾ ಬಂದವರು. 2009ರಿಂದ ಸೈನಿಕರಿಗೆ ಕೊಡುವುದೂ 111 ಮಿ.ಮೀ. ಲಾಕ್ ಇರುವ ಮಾದರಿಯೇ, ಒಂದೇ ಕೈಯಲ್ಲಿ ಬಿಚ್ಚುವ ಹಾಗೆ.

ಸೀತಾಂಗೋಳಿ_ಡ್ರೈವರ್
ಲಾಕನ್ನು ನಂಬಿ ಕೈ ಕೊಡಬೇಡಿ. ನಮ್ಮ ನೆರೆಯವರು ಆನ್‌ಲೈನಿನಲ್ಲಿ ತರಿಸಿದ ದೊಡ್ಡದೊಂದು ಚೂರಿ, ಹಿಡಿಯೊಳಗೆ ತೆಳು ತಗಡು ಬಾಗಿ ಅಲಗನ್ನು ತಡೆಯುವ ನಮೂನೆಯ ಲಾಕ್. ತೆಂಗಿನ ಮಡಲಿಗೆ ಅಲಗು ಇಟ್ಟು ಬೆನ್ನಿಗೆ ಕಟ್ಟಿಗೆಯಿಂದ ಹೊಡೆದರು. ಎರಡನೇ ಪೆಟ್ಟಿಗೆ ಲಾಕ್ ಜಾರಿ ಅಲಗು ಬೆರಳ ಮೇಲೆ ಮಡಚಿತು. ತೋರುಬೆರಳು ಮೂಳೆವರೆಗೆ. ರಾತ್ರಿ ನಾನೇ ಜೀಪಲ್ಲಿ ಆಸ್ಪತ್ರೆಗೆ ಒಯ್ದದ್ದು. ಹೊಲಿಗೆ ಬಿಚ್ಚಿದ ಮೇಲೂ ಆ ಬೆರಳು ಪೂರ್ತಿ ಮಡಚುವುದಿಲ್ಲ.

ಅಡೂರು_ಗುಡ್ಡೆಮನೆ
ಬೆರಳು ಮಡಚುವುದಿಲ್ಲ, ಚೂರಿ ಮಡಚುತ್ತದೆ. ನಾನು ಮೊದಲೇ ಹೇಳಿದೆ.

ಸಾಣೆಕಲ್ಲು
ಗೆಲುವಿನ ಲೆಕ್ಕ ಆಮೇಲೆ ಅಣ್ಣ. ಆ ತಗಡಿನ ಲಾಕ್ ಕೊಯ್ಯುವ ಕೆಲಸಕ್ಕೆ ಸಾಕು. ಬೆನ್ನಿಗೆ ಪೆಟ್ಟು ಬಿದ್ದರೆ ಎಲ್ಲ ಒತ್ತಡ ಲಾಕಿನ ಮೇಲೇ ಬೀಳುತ್ತದೆ. ಧೂಳು, ಮಯಣ ಕೂತು ತಗಡು ಪೂರ್ತಿ ಒಳಗೆ ಬಂದಿಲ್ಲ ಅಂತಾದರೆ ಕೇಳುವುದೇ ಬೇಡ. 110ರ ಹಾಗೆ ಬೆನ್ನಿನ ಲಾಕ್ ಇದ್ದರೂ ಆ ಹೊಂಡದಲ್ಲಿ ಕಸ ಕೂತಿದೆಯಾ ಅಂತ ಕಡ್ಡಿ ಹಾಕಿ ನೋಡುತ್ತಿರಿ. ಕಡಿಯುವುದು, ಸೀಳುವುದು, ಮೀಟುವುದು ಯಾವ ಮಡಚುವ ಚೂರಿಯದ್ದೂ ಕೆಲಸ ಅಲ್ಲ, ಅದು ಎಷ್ಟೇ ದೊಡ್ಡದಿರಲಿ.

ನನ್ನ ತಕರಾರು ಇರುವುದೂ ಅಲ್ಲೇ. ಅಲಗು ದೊಡ್ಡದಾದ ಹಾಗೆ ಜನ ಅದರಿಂದ ಕತ್ತಿಯ ಕೆಲಸ ತೆಗೆಯಲು ನೋಡುತ್ತಾರೆ. ಚಿಕ್ಕದಾದರೆ ಆ ಆಸೆಯೇ ಹುಟ್ಟುವುದಿಲ್ಲ.

ಬದಿಯಡ್ಕ_ಅಕ್ಕ
ಅಂತೂ ಒಪ್ಪಿದಿರಿ.

ಸಾಣೆಕಲ್ಲು
ಹಲಸಿನ ವಿಷಯದಲ್ಲಿ ಮಾತ್ರ.

ಪೆರ್ಲ_ತೋಟ
ಎಲ್ಲವನ್ನೂ ಓದಿದೆ. 110 ತೋಟದ ಶೆಡ್ಡಿನಲ್ಲಿ ಡ್ರಿಪ್ ಸಾಮಾನಿನ ಪೆಟ್ಟಿಗೆಯಲ್ಲಿರಲಿ ಅಂತ ಮಾಡಿದ್ದೇನೆ. ಪೈಪು ಕತ್ತರಿಸಲಿಕ್ಕೆ ಅದರಷ್ಟು ನೇರ ಬೇರೆ ಯಾವುದೂ ಹೋಗುವುದಿಲ್ಲ. ಕಚೇರಿಗೆ ಚಿಕ್ಕದು. ಅಡೂರಿನವರೇ, ಕತ್ತಿ ನಮ್ಮಲ್ಲೂ ಉಂಟು, ಹೆದರಬೇಡಿ.

ಈಗ ಹರಿತ ಹೋಗಿದೆ. ಸೈಕಲ್ಲಿನಲ್ಲಿ ಸಾಣೆ ಹಿಡಿಯುವವರು ಬಂದಾಗ ಕೊಡಬಹುದಾ?

ಸಾಣೆಕಲ್ಲು
ಬೇಡ! ಒಣ ಚಕ್ರಕ್ಕೆ ಒತ್ತಿ ಹಿಡಿದರೆ ಕಿಡಿ ಹಾರುತ್ತದಲ್ಲ, ಆಗ ಅಂಚು ಸುಡುತ್ತದೆ. ತುದಿಯಲ್ಲಿ ನೀಲಿ ಬಣ್ಣ ಕಂಡರೆ ಅಲ್ಲಿ ಬಿಸಿ 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗಿದೆ ಅಂತ ಅರ್ಥ. ಸಾಮಾನ್ಯ ಕಾರ್ಬನ್ ಉಕ್ಕಿನ ಚೂರಿಯಾದರೆ ಹದ ಅಲ್ಲಿಗೇ ಹೋಯಿತು. ಆಮೇಲೆ ಎಷ್ಟು ಮಸೆದರೂ ಎರಡು ದಿನಕ್ಕೆ ಮೊಂಡು.

ಕೊಯಿಪ್ಪಾಡಿ_ಕಡಲು
ಎಲ್ಲ ಸಾಣೆಯವರೂ ಸುಡುವುದಿಲ್ಲ. ಆಗಾಗ ನೀರಿಗೆ ಅದ್ದಿ ಹಿಡಿಯುವವರು ಇದ್ದಾರೆ. ನಿಂತು ನೋಡಿ ಕೊಡಿ.

ಮಂಜೇಶ್ವರ_ಮಾವ
ಶೇಂದಿ ಇಳಿಸುವ ಮೂರ್ತೆಯವರ ಕತ್ತಿ ನೋಡಿದ್ದೀರಾ? ಹೊಂಬಾಳೆಯ ತುದಿಯನ್ನು ಕಾಗದದಷ್ಟು ತೆಳ್ಳಗೆ ಸವರಬೇಕು, ದಿನಾ. ಅವರ ಹತ್ತಿರ ಚಕ್ರವೂ ಇಲ್ಲ, ಫಾರಿನ್ ಕಲ್ಲೂ ಇಲ್ಲ. ಒಂದು ಮರದ ಹಲಗೆ, ಅದರ ಮೇಲೆ ಬೆಣಚುಕಲ್ಲಿನ ಹುಡಿ ಉದುರಿಸಿ, ಕತ್ತಿಯನ್ನು ಒರಗಿಸಿ ಸರ್ ಸರ್ ಅಂತ ಎಳೆಯುತ್ತಾರೆ. ಹಲಗೆಯ ನಡು ದೋಣಿಯ ಹಾಗೆ ಸವೆದಿರುತ್ತದೆ. ಎಳೆದು ಮುಗಿದ ಮೇಲೆ ಮೊಣಕೈಯ ರೋಮ ಬೋಳಿಸಿ ನೋಡುವುದು, ಅದು ಪರೀಕ್ಷೆ.

ಪೆರ್ಲ_ತೋಟ
ಮಾವ, ಆ ಹುಡಿ ಈಗ ಎಲ್ಲಿ ಸಿಗುತ್ತದೆ?

ಮಂಜೇಶ್ವರ_ಮಾವ
ಗುಡ್ಡೆಯಲ್ಲಿ ಬಿಳಿ ಕಲ್ಲು ಹೆಕ್ಕಿ ನೀವೇ ಕುಟ್ಟಬೇಕು. ಜರಡಿ ಹಿಡಿಯಿರಿ. ಕುಟ್ಟುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಸಾಣೆಕಲ್ಲು
ಅಷ್ಟು ಕಷ್ಟ ಬೇಡ. ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಬದಿಯ ಕಾರ್ಬೊರಂಡಮ್ ಕಲ್ಲು ಸಿಗುತ್ತದೆ. ಒರಟು ಬದಿ ಅಂಚು ಚಿಪ್ಪೆದ್ದಿದ್ದರೆ ಮಾತ್ರ. ನಯ ಬದಿಯನ್ನು ನೀರಲ್ಲಿ ನೆನೆಸಿ, ಒದ್ದೆ ಬಟ್ಟೆಯ ಮೇಲೆ ಇಡಿ, ಜಾರಬಾರದು. ಅಲಗನ್ನು 20 ಡಿಗ್ರಿಯಷ್ಟು ಎತ್ತಿ ಹಿಡಿದು ಒಂದೇ ಬದಿ ಎಳೆಯುತ್ತಾ ಬನ್ನಿ. ಆಚೆ ಬದಿಯ ಅಂಚಿಗೆ ಹೆಬ್ಬೆರಳು ಅಡ್ಡಕ್ಕೆ ಸವರಿದರೆ ಸಣ್ಣ ಒರಟು ತಾಗುತ್ತದೆ, ಉದ್ದಕ್ಕೂ ತಾಗಬೇಕು. ಆಗ ತಿರುಗಿಸಿ. ಕೊನೆಗೆ ಹಳೆ ಬೆಲ್ಟಿನ ಚರ್ಮದ ಒಳಬದಿಗೆ ಹಿಮ್ಮುಖವಾಗಿ ಎಳೆಯಿರಿ.

ಪೈವಳಿಕೆ_ಪೋಸ್ಟ್
ಕಲ್ಲಿಗೆ ತೆಂಗಿನೆಣ್ಣೆ ಹಾಕಬಹುದಾ ನೀರಿನ ಬದಲು?

ಸಾಣೆಕಲ್ಲು
ಹಾಕಬೇಡಿ, ರಂಧ್ರ ಕಟ್ಟಿ ಕಲ್ಲು ಜಾರಲು ಶುರುವಾಗುತ್ತದೆ. ಈಗಾಗಲೇ ಹಾಕಿದ್ದರೆ ಬಿಸಿನೀರು, ಪಾತ್ರೆ ತೊಳೆಯುವ ಸೋಪು ಹಾಕಿ ಬ್ರಷ್‌ನಲ್ಲಿ ತಿಕ್ಕಿ ನೋಡಿ.

ಪೈವಳಿಕೆ_ಪೋಸ್ಟ್
ಹಾಕಿ ಆಯಿತು. ತಿಕ್ಕುತ್ತಿದ್ದೇನೆ.